ರಾತ್ರಿ ಹನ್ನೊಂದಕ್ಕೆ ಇಟ್ಟ ಕೆಲಸ ಬೆಳಿಗ್ಗೆ ನೋಡಿದ್ರೆ ಅರ್ಧಕ್ಕೇ ನಿಂತಿರುತ್ತೆ

ಹೋದ ಸಂಚಿಕೇಲಿ ಏನೋ ಮಾತಿಗೆ ನಾಲ್ಕು ಸಾಲು ಬರೆದಿದ್ದೆ, ಬ್ಯಾಕಪ್ ಫೈಲನ್ನ ಆಗಾಗ ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೇ ಸಾಫ್ಟ್‌ವೇರಾಗಿ ಓಡೋ ಇನ್ನೊಂದು ಕಂಪ್ಯೂಟರ್, ಚಿಕ್ಕದಾಗಿ ವಿಎಂ) ಡಿಸ್ಕಾಗಿ ಮಾಡಿಟ್ಕೊಂಡ್ರೆ ಸರ್ವರ್ ಸತ್ತ ದಿನ ಒದ್ದಾಡೋದು ತಪ್ಪುತ್ತೆ ಅಂತ. ಅದಕ್ಕೇ ಇಷ್ಟೊಂದು ಪ್ರಶ್ನೆ ಬರುತ್ತೆ ಅಂದ್ಕೊಂಡಿರಲಿಲ್ಲ. ಹಾಗಾಗಿ ಈ ಸಲ ಪ್ರಿಂಟರು, ಮೊಬೈಲು, ವೈಫೈ ಅಂತ ಕೇಳಿದೋರು ದಯವಿಟ್ಟು ಒಂದು ಸಂಚಿಕೆ ತಡ್ಕೊಳ್ಳಿ, ಪೂರ್ತಿ ಇದೇ ಇರ್ಲಿ.

ಪ್ರಶ್ನೆ: ಸರ್, ನಮ್ಮದು ಆಡಿಟರ್ ಆಫೀಸು. ಸರ್ವರ್‌ದು ದಿನಾ ರಾತ್ರಿ 8ಕ್ಕೆ ಇಮೇಜ್ ಬ್ಯಾಕಪ್ (ಇಡೀ ಡಿಸ್ಕಿನ ನಕಲು) ಆಗುತ್ತೆ, ಭಾನುವಾರ ಫುಲ್, ಉಳಿದ ದಿನ ಇನ್‌ಕ್ರಿಮೆಂಟಲ್ (ಹೊಸದಾಗಿ ಬದಲಾಗಿದ್ದಷ್ಟೇ). ಸೆಪ್ಟೆಂಬರ್ 30ರ ಗಡುವಿಗೆ ನಾಲ್ಕು ದಿನ ಇದೆ ಅನ್ನುವಾಗ ಮದರ್‌ಬೋರ್ಡ್ ಹೋಯ್ತು. ಬ್ಯಾಕಪ್ ಚೆನ್ನಾಗೇ ಇತ್ತು, ಆದ್ರೂ ಬೇರೆ ಮಷೀನ್ ತಂದು ರಿಸ್ಟೋರ್ ಮಾಡಿ ಟ್ಯಾಲಿ ಓಪನ್ ಆಗೋ ಹೊತ್ತಿಗೆ ಎರಡೂವರೆ ದಿನ ಆಯ್ತು. ಈಗ ಸರ್ವೀಸ್ ಹುಡುಗ ದಿನಾ ವಿಎಂ ಡಿಸ್ಕಿಗೆ ಕನ್ವರ್ಟ್ ಆಗೋ ಥರ ಶೆಡ್ಯೂಲ್ ಇಡೋಣ ಅಂತಾನೆ. ಏನದು, ನಮಗೆ ಬೇಕಾ? (ದಾವಣಗೆರೆ)

ಉತ್ತರ: ಬೇಕು, ಆದ್ರೆ ಅವನು ಹೇಳಿದ ಹಾಗೆ ದಿನಾ ಬೇಡ.

ಬ್ಯಾಕಪ್ ಫೈಲ್ ಅಂದ್ರೆ ಡಬ್ಬೀಲಿರೋ ಅಕ್ಕಿ ಉದ್ದು ಇದ್ದ ಹಾಗೆ. ಮನೇಲಿ ಸಾಮಾನಿದೆ ನಿಜ, ಆದ್ರೆ ಬೆಳಿಗ್ಗೆ ಏಳಕ್ಕೆ ನೆಂಟರು ಬಾಗಿಲು ತಟ್ಟಿದ್ರೆ ಅದನ್ನ ನೆನೆಸಿ ರುಬ್ಬಿ ಹುದುಗು ಬರೋವರೆಗೆ ಅವರನ್ನ ಕೂರಿಸೋಕಾಗುತ್ತಾ? ವಿಎಂ ಡಿಸ್ಕ್ ಅಂದ್ರೆ ರಾತ್ರಿನೇ ರುಬ್ಬಿಟ್ಟ ಹಿಟ್ಟು, ಕಾವಲಿ ಕಾದ್ರೆ ದೋಸೆ. ನಿಮ್ಮ ಎರಡೂವರೆ ದಿನ ಹೋಗಿದ್ದು ಬ್ಯಾಕಪ್ ಸರಿ ಇಲ್ಲದ್ದಕ್ಕಲ್ಲ, ಮಷೀನ್ ಹುಡುಕೋಕೆ, ಡ್ರೈವರ್ ಹಾಕೋಕೆ, ಆರು ದಿನದ ಇನ್‌ಕ್ರಿಮೆಂಟಲ್‌ಗಳನ್ನ ಒಂದರ ಮೇಲೊಂದು ಜೋಡಿಸಿ ಡಿಸ್ಕಿಗೆ ಬರೆಯೋಕೆ. ಅದೇ ಕೆಲಸ ಮುಂಚೆನೇ, ಯಾರೂ ಇಲ್ಲದ ರಾತ್ರಿ ಹೊತ್ತು ಮಾಡಿಟ್ಕೊಳ್ಳೋದೇ ಕನ್ವರ್ಷನ್. ವಿಎಂ ಓಡಿಸೋ ಸಾಫ್ಟ್‌ವೇರ್ ಹೈಪರ್-ವಿ ಇದ್ರೆ ಡಿಸ್ಕ್ ಫೈಲು ವಿಎಚ್‌ಡಿಎಕ್ಸ್, ವಿಎಂವೇರ್‌ಗೆ ವಿಎಂಡಿಕೆ, ವರ್ಚುವಲ್‌ಬಾಕ್ಸಿಗೆ ವಿಡಿಐ, ಲಿನಕ್ಸಿನ ಕೆವಿಎಂಗೆ ಕ್ಯೂಕೌ2, ಹೆಸರು ಬೇರೆ ಬೇರೆ, ಒಳಗಿರೋದು ನಿಮ್ಮ ಅದೇ ಡಿಸ್ಕು. ಹಳೇ ವಿಎಚ್‌ಡಿ ಫಾರ್ಮ್ಯಾಟ್ ಮಾತ್ರ ಬೇಡ, ಅದು 2 ಟಿಬಿ ಹತ್ರಕ್ಕೇ ನಿಂತುಬಿಡುತ್ತೆ. ವಿಂಡೋಸ್ ಸರ್ವರ್ 2012ರಿಂದ ಬಂದಿರೋ ವಿಎಚ್‌ಡಿಎಕ್ಸ್ 64 ಟಿಬಿವರೆಗೂ ಹೋಗುತ್ತೆ.

ಈಗ ಎಷ್ಟು ದಿನಕ್ಕೊಂದ್ಸಲ ಅನ್ನೋದು. ನಿಮ್ಮ ಸಾಫ್ಟ್‌ವೇರ್ ಹೇಗೆ ಕನ್ವರ್ಟ್ ಮಾಡುತ್ತೆ ಅಂತ ಮೊದ್ಲು ಕೇಳಿ. ಶ್ಯಾಡೋಪ್ರೊಟೆಕ್ಟ್ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್ ಜೊತೆ ಬರೋ ಇಮೇಜ್‌ಮ್ಯಾನೇಜರ್‌ನಲ್ಲಿ ಹೆಡ್‌ಸ್ಟಾರ್ಟ್ ರಿಸ್ಟೋರ್ ಅಂತ ಒಂದಿದೆ, ಅದು ಮೊದಲನೇ ಸಲ ಪೂರ್ತಿ ಡಿಸ್ಕ್ ಮಾಡಿಟ್ಟು ಆಮೇಲೆ ಹೊಸದಾಗಿ ಬಂದ ಇನ್‌ಕ್ರಿಮೆಂಟಲ್‌ಗಳನ್ನಷ್ಟೇ ಅದಕ್ಕೆ ಸೇರಿಸ್ತಾ ಹೋಗುತ್ತೆ. ಅಂಥದ್ದಿದ್ರೆ ದಿನಾ ಇಡಿ, ಭಾರ ಅನ್ಸಲ್ಲ. ಪ್ರತಿ ಸಲ ಮೊದಲಿಂದ ಪೂರ್ತಿ ಬರೆಯೋ ಥರದ್ದಾದ್ರೆ ಲೆಕ್ಕ ಹಾಕ್ಬೇಕು. 500 ಜಿಬಿ ಇದೆ ಅಂದ್ಕೊಳ್ಳಿ, ಗಿಗಾಬಿಟ್ ಲ್ಯಾನಲ್ಲಿ ಸೆಕೆಂಡಿಗೆ 100 ಎಂಬಿ ಸಿಕ್ಕಿದ್ರೆ 5000 ಸೆಕೆಂಡು, ಅಂದ್ರೆ ಒಂದು ಗಂಟೆ 23 ನಿಮಿಷ. ಪರವಾಗಿಲ್ಲ. ಆದ್ರೆ ಗೋಡೆ ಮೂಲೇಲಿ ಕೇಬಲ್ಲಿನ ಒಂದು ಜೋಡಿ ತಂತಿ ಇಲಿ ಕಡಿದಿದ್ರೂ ಲಿಂಕು ಸದ್ದಿಲ್ಲದೆ 100 ಮೆಗಾಬಿಟ್ಟಿಗೆ ಇಳಿಯಬಹುದು, ಇಂಟರ್ನೆಟ್ಟೆಲ್ಲ ಚೆನ್ನಾಗೇ ಬರುತ್ತೆ ಯಾರಿಗೂ ಗೊತ್ತಾಗಲ್ಲ, ಕನ್ವರ್ಷನ್ ಮಾತ್ರ ಹನ್ನೆರಡು ಗಂಟೆ. ರಾತ್ರಿ ಒಂಬತ್ತಕ್ಕೆ ಶುರುವಾದ್ರೆ ಬೆಳಿಗ್ಗೆ ಕ್ಲೈಂಟ್‌ಗಳು ಬಂದು ಕೂತಿರುವಾಗ ಡಿಸ್ಕ್ ಇನ್ನೂ ಗರಗರ ಅಂತಿರುತ್ತೆ.

ನಿಮ್ಮಂಥ ಆಫೀಸಿಗೆ ನನ್ನ ಸಲಹೆ, ಪೂರ್ತಿ ಕನ್ವರ್ಷನ್ನು ವಾರಕ್ಕೊಂದ್ಸಲ, ಭಾನುವಾರದ ಫುಲ್ ಬ್ಯಾಕಪ್ ಮುಗಿದ ಮೇಲೆ, ಟ್ಯಾಲಿ ಡೇಟಾ ಫೋಲ್ಡರ್ ಮಾತ್ರ ದಿನಾ ಬೇರೆ ಕಾಪಿ. ಸರ್ವರ್ ಹೋದ್ರೆ ಭಾನುವಾರದ ವಿಎಂ ಎಬ್ಬಿಸಿ, ನಿನ್ನೆಯ ಡೇಟಾ ಫೋಲ್ಡರ್ ಅದರೊಳಕ್ಕೆ ಹಾಕಿ, ಕೆಲಸ ಶುರು. ಸೆಪ್ಟೆಂಬರ್, ಮಾರ್ಚ್ ಬಂದಾಗ ಬೇಕಿದ್ರೆ ದಿನಾ ಮಾಡಿ.

ಒಂದು ಮಾತು, ಟ್ಯಾಲಿಗೆ ವಿಎಂ ಅಂದ್ರೆ ಹೊಸ ಕಂಪ್ಯೂಟರ್ರೇ, ಲೈಸೆನ್ಸ್ ರೀಆಕ್ಟಿವೇಟ್ ಮಾಡೋವರೆಗೂ ಎಜುಕೇಷನಲ್ ಮೋಡಲ್ಲಿ ತೆರ್ಕೊಂಡು ಮುಖ ನೋಡುತ್ತೆ. ಟ್ಯಾಲಿ ಡಾಟ್ ನೆಟ್ ಐಡಿ, ಪಾಸ್‌ವರ್ಡ್ ಯಾರ ಹತ್ರ ಇದೆ ಅಂತ ಈಗ್ಲೇ ನೋಡಿಟ್ಕೊಳ್ಳಿ, ಕೆಲಸ ಬಿಟ್ಟು ಹೋದ ಹುಡುಗನ ಮೇಲ್ ಐಡಿಯಲ್ಲಿರುತ್ತೆ, ಬೇಕಾದಷ್ಟು ಸಲ ನೋಡಿದ್ದೀನಿ. ಮಷೀನ್ ಜೊತೇಲೇ ಬಂದ ಓಇಎಂ ವಿಂಡೋಸ್ ಲೈಸೆನ್ಸೂ ಆ ಮಷೀನಿಗೇ ಕಟ್ಟಿರೋದು, ವಿಎಂಗೆ ಬೇರೆ ಲೈಸೆನ್ಸ್ ಲೆಕ್ಕ ಇಟ್ಕೊಳ್ಳಿ.

ಪ್ರಶ್ನೆ: ಸರ, ನಮ್ದು ಪೈಪು ಫಿಟ್ಟಿಂಗ್ ಹೋಲ್‌ಸೇಲ್ ಅಂಗಡಿ ರೀ. ಬ್ಯಾಕಪ್ ಇಮೇಜ್‌ನಿಂದ ವಿಎಂಡಿಕೆ ಮಾಡೂ ಬ್ಯಾಚ್ ಫೈಲು (ಕಮಾಂಡ್‌ಗಳ ಪಟ್ಟಿ) ನಾನ ಬರ್ಕೊಂಡೀನಿ. ಕೈಲೆ ಓಡಿಸಿದ್ರ ಬರೋಬ್ಬರಿ ಒಂದೂವರಿ ತಾಸಿನ್ಯಾಗ ಮುಗೀತೈತಿ. ವಿಂಡೋಸಿನ ಟಾಸ್ಕ್ ಶೆಡ್ಯೂಲರ್‌ದಾಗ ರಾತ್ರಿ 11ಕ್ಕ ಹಚ್ಚಿದ್ರ ಒಮ್ಮೆ ಶುರುನ ಆಗಂಗಿಲ್ಲ, ಒಮ್ಮೆ ಅರ್ಧಕ್ಕ ನಿಂತಿರತೈತಿ, ಒಮ್ಮೆ ಮುಂಜಾನಿ ತನಾ ಓಡಕೋತನ ಇರತೈತಿ. ತಲಿ ಕೆಟ್ಟು ಹೋಗೈತ್ರಿ. (ಹುಬ್ಬಳ್ಳಿ)

ಉತ್ತರ: ಯಜಮಾನ್ರೆ, ನಿಮ್ಮ ಪ್ರಶ್ನೆ ಓದಿ ನಂಗೆ ನಗು ಬಂತು, ಯಾಕಂದ್ರೆ ಈ ಮೂರೂ ನಾನೇ ಅನುಭವಿಸಿದ್ದೀನಿ, ಒಂದೊಂದಾಗಿ.

ಮೊದಲು ಅರ್ಧಕ್ಕೆ ನಿಲ್ಲೋದು. ಒಂದು ಆಫೀಸಲ್ಲಿ ಇದೇ ಥರ ಹಚ್ಚಿ ಕೊಟ್ಟಿದ್ದೆ, ಎರಡು ದಿನ ಆಗುತ್ತೆ ಮೂರನೇ ದಿನ ಇಲ್ಲ, ಫೈಲು 140 ಜಿಬಿಗೋ 90 ಜಿಬಿಗೋ ನಿಂತಿರುತ್ತೆ, ಲಾಗಲ್ಲಿ ಎರರ್ ಕೂಡ ಇಲ್ಲ. ಡಿಸ್ಕ್ ಬದಲಾಯಿಸಿದೆ, ರ‍್ಯಾಮ್ ಟೆಸ್ಟ್ ಮಾಡ್ದೆ, ಆಂಟಿವೈರಸ್ಸಿಗೆ ಬೈದೆ. ಕೊನೆಗೆ ಒಂದು ರಾತ್ರಿ ಅಲ್ಲೇ ಕೂತೆ. ಹನ್ನೆರಡೂ ಹತ್ತಕ್ಕೆ ಕರೆಂಟ್ ಹೋಯ್ತು, ಯುಪಿಎಸ್ ಕಿಂಯ್ ಅಂತು, ಕಂಪ್ಯೂಟರ್ ಆರಾಮಾಗಿ ಓಡ್ತಾನೇ ಇದೆ, ಕನ್ವರ್ಷನ್ ಕಿಟಕಿ ಮಾತ್ರ ಮಾಯ! ಯುಪಿಎಸ್ಸಿಂದ ಯುಎಸ್‌ಬಿ ಕೇಬಲ್ ಕಂಪ್ಯೂಟರಿಗೆ ಚುಚ್ಚಿದ್ರೆ ವಿಂಡೋಸ್ ಅದನ್ನ ಲ್ಯಾಪ್‌ಟಾಪಿನ ಬ್ಯಾಟರಿ ಥರಾನೇ ನೋಡುತ್ತೆ. ಟಾಸ್ಕ್ ಶೆಡ್ಯೂಲರ್‌ನ ಕಂಡಿಷನ್ಸ್ ಟ್ಯಾಬಲ್ಲಿ ಎಸಿ ಪವರ್ ಇದ್ರೆ ಮಾತ್ರ ಶುರು ಮಾಡು, ಬ್ಯಾಟರಿಗೆ ಹೋದ್ರೆ ನಿಲ್ಸು ಅಂತ ಎರಡು ಟಿಕ್ಕು ತಾನಾಗೇ ಬಿದ್ದಿರುತ್ತೆ. ಒಂದು ಕ್ಷಣ ಕರೆಂಟ್ ಮಿಣುಕಿದ್ರೂ ಟಾಸ್ಕ್ ಸಾಯುತ್ತೆ, 11 ಗಂಟೆಗೆ ಸರಿಯಾಗಿ ಕರೆಂಟ್ ಇಲ್ದಿದ್ರೆ ಶುರುನೇ ಆಗಲ್ಲ. ಎರಡೂ ಟಿಕ್ ತೆಗೀರಿ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತೆ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಯುಪಿಎಸ್ ಸಾಫ್ಟ್‌ವೇರಲ್ಲಿ ಶಟ್‌ಡೌನ್ ಇಟ್ಕೊಳ್ಳಿ.

ಶುರುವೇ ಆಗದಿರೋಕೆ ಇನ್ನೆರಡು ಕಾರಣ. ನಿಮ್ಮ ಬ್ಯಾಚ್ ಫೈಲಲ್ಲಿ ನ್ಯಾಸ್ (ನೆಟ್‌ವರ್ಕಿಗೆ ಹಾಕಿರೋ ಡಿಸ್ಕ್ ಪೆಟ್ಟಿಗೆ) ಝಡ್ ಡ್ರೈವ್ ಅಂತ ಇರ್ಬೇಕು. ಆ ಝಡ್ ಅನ್ನೋದು ನೀವು ಲಾಗಿನ್ ಆದಾಗ ನಿಮಗೆ ಮಾತ್ರ ಕಾಣೋ ಅಕ್ಷರ, ರಾತ್ರಿ ಯಾರೂ ಲಾಗಿನ್ ಇಲ್ದೆ ಟಾಸ್ಕ್ ಓಡುವಾಗ ಅಂಥ ಡ್ರೈವೇ ಇರಲ್ಲ. ಎರಡು ಬ್ಯಾಕ್‌ಸ್ಲ್ಯಾಷ್ (\\) ಹಾಕಿ ಪೆಟ್ಟಿಗೆ ಹೆಸರು, ಶೇರ್ ಹೆಸರು ಪೂರ್ತಿ ಬರೀರಿ, ಆ ಶೇರಿಗೆ ಹೋಗೋ ಹಕ್ಕಿರೋ ಒಂದು ಅಕೌಂಟಲ್ಲಿ ಟಾಸ್ಕ್ ಓಡಿಸಿ.

ಇನ್ನೊಂದು ತಮಾಷೆ, ತಾರೀಖು. ಫೋಲ್ಡರ್ ಹೆಸರಿಗೆ ಇವತ್ತಿನ ದಿನಾಂಕ ಹಾಕೋ ಸಾಲು ಬರೆದಿದ್ದೀರಾ? ನಮ್ಮ ಕಂಪ್ಯೂಟರಲ್ಲಿ ಇಂಡಿಯಾ ಸೆಟ್ಟಿಂಗು, ಕೈಯಿಂದ ಓಡಿಸಿದ್ರೆ 04-03-2025 ಅಂತ ನಡುವೆ ಅಡ್ಡಗೆರೆ ಬರುತ್ತೆ, ಫೋಲ್ಡರ್ ಆಗುತ್ತೆ. ಅದೇ ಟಾಸ್ಕನ್ನ ವಿಂಡೋಸಿನ ಸ್ವಂತ ಸಿಸ್ಟಂ ಅಕೌಂಟಲ್ಲಿ ಓಡಿಸಿದ್ರೆ ಅದು ಸಾಮಾನ್ಯವಾಗಿ ಅಮೆರಿಕದ ಪದ್ಧತೀಲಿರುತ್ತೆ, ತಿಂಗಳು ಮುಂದೆ, ನಡುವೆ ಓರೆಗೆರೆ. ಓರೆಗೆರೆ ಇರೋ ಹೆಸರಲ್ಲಿ ಫೋಲ್ಡರ್ ಮಾಡೋಕಾಗಲ್ಲ, ಅಲ್ಲಿಗೆ ಮುಗೀತು. ದಿನಾಂಕವನ್ನ ಪವರ್‌ಶೆಲ್ (ವಿಂಡೋಸಲ್ಲೇ ಇರೋ ಕಮಾಂಡ್ ಸಾಫ್ಟ್‌ವೇರ್) ಇಂದ ವರ್ಷ-ತಿಂಗಳು-ದಿನ ಅಂತ ನಾವೇ ಹೇಳಿದ ಕ್ರಮದಲ್ಲಿ ತಗೊಂಡ್ರೆ ಯಾವ ಅಕೌಂಟಾದ್ರೂ ಒಂದೇ.

ಮುಂಜಾನಿ ತನಕ ಓಡೋದು ನಿಮ್ಮ ತಪ್ಪೇ ಅಲ್ಲ. ಟಾಸ್ಕ್ ಶೆಡ್ಯೂಲರ್ ನಾವು ಬದಲಾಯಿಸದಿದ್ರೆ ಪ್ರತಿ ಕೆಲಸವನ್ನೂ ಪ್ರಯಾರಿಟಿ 7ರಲ್ಲಿ ಓಡಿಸುತ್ತೆ, ಅಂದ್ರೆ ಸಿಪಿಯುಗಾಗ್ಲಿ ಡಿಸ್ಕಿಗಾಗ್ಲಿ ಇವನು ಸಾಲಿನ ಹಿಂದೆ. ರಾತ್ರಿ ಆಂಟಿವೈರಸ್ ಸ್ಕ್ಯಾನೂ ಅದೇ ಹೊತ್ತಿಗಿದ್ರೆ ಕೇಳ್ಬೇಡಿ. ಇದನ್ನ ಬದಲಾಯಿಸೋ ಬಟನ್ ಪರದೆ ಮೇಲೆ ಎಲ್ಲೂ ಇಟ್ಟಿಲ್ಲ ಪುಣ್ಯಾತ್ಮರು, ಟಾಸ್ಕನ್ನ ಎಕ್ಸ್‌ಎಂಎಲ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ, ನೋಟ್‌ಪ್ಯಾಡಲ್ಲಿ ಪ್ರಯಾರಿಟಿ ಅಂತಿರೋ ಕಡೆ 7 ತೆಗೆದು 5 ಹಾಕಿ, ಹಳೇದನ್ನ ಅಳಿಸಿ ಇದನ್ನ ಇಂಪೋರ್ಟ್ ಮಾಡ್ಬೇಕು.

ಇಷ್ಟೆಲ್ಲ ಆದ್ಮೇಲೂ ಗಡಿಯಾರ ನಂಬ್ಕೊಂಡು 11ಕ್ಕೆ ಅಂತ ಇಡೋದೇ ನಂಗೆ ಇಷ್ಟ ಆಗಲ್ಲ. ಬ್ಯಾಕಪ್ ಸಾಮಾನ್ಯ ದಿನ 9ಕ್ಕೆ ಮುಗಿಯುತ್ತೆ, ಸ್ಟಾಕ್ ತೆಗೆಯೋ ದಿನ 11:20 ಆಗುತ್ತೆ, ಆವಾಗ ಬರೀತಾ ಇರೋ ಫೈಲನ್ನೇ ಇನ್ನೊಂದು ಕಡೆಯಿಂದ ಓದೋಕೆ ಹೋದ್ರೆ ಏನಾಗುತ್ತೆ ಅಂತ ನೀವೇ ಊಹಿಸಿ. ಬಹಳಷ್ಟು ಬ್ಯಾಕಪ್ ಸಾಫ್ಟ್‌ವೇರಲ್ಲಿ ಕೆಲಸ ಮುಗಿದ ಮೇಲೆ ಈ ಕಮಾಂಡ್ ಓಡಿಸು ಅನ್ನೋ ಜಾಗ ಇರುತ್ತೆ, ಅಲ್ಲಿ ಕನ್ವರ್ಷನ್ ಸೇರಿಸಿ. ವಿಂಡೋಸ್ ಸರ್ವರ್‌ನ ಸ್ವಂತ ಬ್ಯಾಕಪ್ ಆದ್ರೆ, ಯಶಸ್ವಿಯಾಗಿ ಮುಗಿದಾಗ ಬ್ಯಾಕಪ್ ಲಾಗಲ್ಲಿ ಈವೆಂಟ್ ನಂಬರ್ 4 ಬೀಳುತ್ತೆ, ಟಾಸ್ಕಿನ ಟ್ರಿಗರನ್ನ ಗಂಟೆ ಬದಲು ಆ ಈವೆಂಟಿಗೆ ಕಟ್ಟಿ. ಬ್ಯಾಕಪ್ ಫೇಲಾದ್ರೆ 4 ಬೀಳಲ್ಲ, ಕನ್ವರ್ಷನ್ ಶುರುವಾಗಲ್ಲ, ನಿನ್ನೆಯ ಒಳ್ಳೇ ಡಿಸ್ಕಿನ ಮೇಲೆ ಕೆಟ್ಟದ್ದು ಬಂದು ಕೂರಲ್ಲ.

ಹಾಂ, ತಿಂಗಳಲ್ಲಿ ಒಂದು ದಿನ ಮಾತ್ರ ತಪ್ಪುತ್ತಾ ನೋಡಿ. ಮೈಕ್ರೋಸಾಫ್ಟ್ ಅಪ್‌ಡೇಟ್ ಬಿಡೋದು ಪ್ರತಿ ತಿಂಗಳ ಎರಡನೇ ಮಂಗಳವಾರ, ಅವರ ಬೆಳಿಗ್ಗೆ ಹತ್ತು ಅಂದ್ರೆ ನಮ್ಮ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಅವತ್ತೋ ಮರುದಿನವೋ ರಾತ್ರಿ ರೀಸ್ಟಾರ್ಟ್ ಹೊಡೆದ್ರೆ ಕನ್ವರ್ಷನ್ ಗೋತಾ. ಆಕ್ಟಿವ್ ಅವರ್ಸನ್ನ (ಅಪ್‌ಡೇಟಿಗಾಗಿ ತಾನಾಗೇ ರೀಸ್ಟಾರ್ಟ್ ಆಗ್ಬಾರ್ದ ಹೊತ್ತು) ರಾತ್ರಿ ಕಡೆಗೆ ಜರುಗಿಸಿ, ಒಟ್ಟು 18 ಗಂಟೆವರೆಗೂ ಇಡೋಕೆ ಬಿಡುತ್ತೆ.

ಪ್ರಶ್ನೆ: ನಾನು ರಿಟೈರ್ಡ್ ಮೇಷ್ಟ್ರು. ಲ್ಯಾಪ್‌ಟಾಪಲ್ಲಿ ಮೊಮ್ಮಕ್ಕಳ ಫೋಟೋ, ಒಂದಿಷ್ಟು ಲೇಖನ ಇವೆ. ನಾನೂ ಇದನ್ನೆಲ್ಲ ಮಾಡ್ಬೇಕೇ? (ಮೈಸೂರು)

ಉತ್ತರ: ಬೇಡ ಮೇಷ್ಟ್ರೇ. ಎರಡು ಎಕ್ಸ್‌ಟರ್ನಲ್ ಡಿಸ್ಕ್ ತಗೊಂಡು ಫೋಟೋ ಫೋಲ್ಡರ್ ಕಾಪಿ ಮಾಡಿ, ಒಂದನ್ನ ಮಗಳ ಮನೇಲಿಡಿ.

ಪ್ರಶ್ನೆ: ನಮ್ಮದು ಪ್ರಿಂಟಿಂಗ್ ಪ್ರೆಸ್. 2004ರಲ್ಲಿ ತಗೊಂಡ ಎಕ್ಸ್‌ಪಿ ಕಂಪ್ಯೂಟರು, ಪೇಜ್‌ಮೇಕರು, ಹಳೇ ಕನ್ನಡ ಫಾಂಟುಗಳು, 20 ವರ್ಷದ ಲಗ್ನಪತ್ರಿಕೆ, ಜಾತ್ರೆ ಕರಪತ್ರ ಎಲ್ಲ ಅದರಲ್ಲೇ. 40 ಜಿಬಿ ಡಿಸ್ಕು ಈಗೀಗ ಟಿಕ್ ಟಿಕ್ ಅಂತಿದೆ. ಇದನ್ನೂ ವಿಎಂ ಮಾಡಿ ಶೆಡ್ಯೂಲ್ ಇಡಬಹುದಾ? (ಗದಗ)

ಉತ್ತರ: ಶೆಡ್ಯೂಲ್ ಆಮೇಲೆ. ಟಿಕ್ ಟಿಕ್ ಅಂತಿರೋ ಡಿಸ್ಕನ್ನ ಇವತ್ತೇ ಆಫ್ ಮಾಡಿ, ಇದನ್ನ ಓದಿದ ಮೇಲೆ ಇನ್ನೊಂದು ಪತ್ರಿಕೆ ಪ್ರೂಫ್ ತೆಗೆದುಬಿಡೋಣ ಅಂತ ಆನ್ ಮಾಡ್ಬೇಡಿ.

ನಿಮ್ಮ ಊರಲ್ಲಿ ಪ್ರೆಸ್ಸಿಗೇನು ಬರ, ಇದೇ ಗೋಳಿನವರು ಇನ್ನೂ ಹತ್ತು ಜನ ಇರ್ತಾರೆ, ಎಲ್ಲರಿಗೂ ಸೇರಿಸಿ ಹೇಳ್ತೀನಿ. ಡಿಸ್ಕನ್ನ ಬಿಚ್ಚಿ, ಐಡಿಇಯಿಂದ (ಹಳೇ ಡಿಸ್ಕಿನ ಕನೆಕ್ಷನ್ನು) ಯುಎಸ್‌ಬಿಗೆ ಹೋಗೋ ಕನ್ವರ್ಟರ್ ಸಿಗುತ್ತೆ, ಅದರಿಂದ ಲಿನಕ್ಸ್ ಇರೋ ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ. ಜಿಎನ್‌ಯು ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ ಮೊದಲು ಚೆನ್ನಾಗಿರೋ ಜಾಗ ಎಲ್ಲ ಓದ್ಕೊಂಡು ಆಮೇಲೆ ಕೆಟ್ಟ ಜಾಗಕ್ಕೆ ಮತ್ತೆ ಮತ್ತೆ ಕೈ ಹಾಕುತ್ತೆ, ಸಾಯ್ತಿರೋ ಡಿಸ್ಕಿಗೆ ಅದೇ ಸರಿ. ಬಂದ ಇಮೇಜನ್ನ ಕ್ಯೂಎಮು-ಇಮ್‌ಜಿ ಕನ್ವರ್ಟ್ ಕಮಾಂಡಿಂದ ವಿಡಿಐ ಮಾಡಿ, ವರ್ಚುವಲ್‌ಬಾಕ್ಸಲ್ಲಿ ಹಾಕಿ. ಹಾಕುವಾಗ ಡಿಸ್ಕನ್ನ ಐಡಿಇ ಕಂಟ್ರೋಲರಿಗೇ ಸಿಕ್ಸಿ, ಎಕ್ಸ್‌ಪಿಗೆ ಹೊಸ ಥರದ ಸಾಟಾ ಕನೆಕ್ಷನ್ ಗೊತ್ತಿಲ್ಲ, ಸಾಟಾಗೆ ಸಿಕ್ಸಿದ್ರೆ ನೀಲಿ ಪರದೆ. ಕನ್ನಡ ಸಾಫ್ಟ್‌ವೇರ್‌ಗೆ ಲಾಕ್ (ಚುಚ್ಚಿದ್ರೆ ಮಾತ್ರ ಸಾಫ್ಟ್‌ವೇರ್ ಓಡೋ ಪುಟ್ಟ ಸಾಧನ) ಇದ್ರೆ ನೋಡ್ಕೊಳ್ಳಿ, ಯುಎಸ್‌ಬಿ ಲಾಕಾದ್ರೆ ವಿಎಂ ಒಳಗೆ ದಾಟಿಸಬಹುದು, ಪ್ರಿಂಟರ್ ಪೋರ್ಟಿಗೆ ಹಾಕೋ ಹಳೇ ಲಾಕಾದ್ರೆ ತಲೆನೋವು ಗ್ಯಾರಂಟಿ.

ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೇ ಸಪೋರ್ಟ್ ನಿಂತಿದೆ, ಆ ವಿಎಂಗೆ ನೆಟ್‌ವರ್ಕ್ ಕಾರ್ಡೇ ಕೊಡ್ಬೇಡಿ, ಶೇರ್ಡ್ ಫೋಲ್ಡರಲ್ಲಿ ಪಿಡಿಎಫ್ ಹೊರಗೆ ತಗೊಂಡ್ರೆ ಸಾಕು. ಒಳಗಿರೋ ಮ್ಯಾಟರ್ ಹಳೇ ಫಾಂಟಿನ ಎನ್‌ಕೋಡಿಂಗಲ್ಲಿದೆ, ಬೇರೆ ಕಂಪ್ಯೂಟರಲ್ಲಿ ತೆರೆದ್ರೆ ಇಂಗ್ಲಿಷ್ ಅಕ್ಷರ ಚೆಲ್ಲಿದ ಹಾಗೆ ಕಾಣುತ್ತೆ. ಪದೇ ಪದೇ ಬೇಕಾಗೋದನ್ನ ಯೂನಿಕೋಡಿಗೆ ಬದಲಾಯಿಸ್ಕೊಳ್ಳಿ. ಶೆಡ್ಯೂಲ್ ಅಂದ್ರೆ ಇಷ್ಟೇ, ಆ ಒಂದು ವಿಡಿಐ ಫೈಲನ್ನ ವಿಎಂ ಆಫ್ ಇರುವಾಗ ವಾರಕ್ಕೊಮ್ಮೆ ಇನ್ನೊಂದು ಡಿಸ್ಕಿಗೆ ಕಾಪಿ ಮಾಡೋದು.

ಪ್ರಶ್ನೆ: ಸೊಸೈಟಿಯ ಸರ್ವರ್ ಇಮೇಜನ್ನ ವಿಎಚ್‌ಡಿಎಕ್ಸ್ ಮಾಡಿದ್ವಿ, ಎರರ್ ಏನೂ ಇಲ್ಲ. ಹೈಪರ್-ವಿಯಲ್ಲಿ ಆನ್ ಮಾಡಿದ್ರೆ ಬೂಟ್ ಆಗ್ತಿಲ್ಲ. ಕನ್ವರ್ಷನ್ ತಪ್ಪಾಗಿದೆಯಾ? (ಶಿರಸಿ)

ಉತ್ತರ: ಹೆಚ್ಚಿನ ಸಲ ತಪ್ಪಿರೋದು ಡಿಸ್ಕಲ್ಲಲ್ಲ, ಅದನ್ನ ಹಾಕಿರೋ ವಿಎಂ ಅನ್ನೋ ಪೆಟ್ಟಿಗೇಲಿ. ಹೈಪರ್-ವಿಯಲ್ಲಿ ಹೊಸ ವಿಎಂ ಮಾಡುವಾಗ ಜನರೇಷನ್ 1 ಬೇಕೋ 2 ಬೇಕೋ ಅಂತ ಕೇಳುತ್ತಲ್ಲ, ಎಲ್ಲರೂ 2 ದೊಡ್ಡದು ಅಂತ 2 ಒತ್ತುತ್ತಾರೆ. ಮೂಲ ಸರ್ವರ್ ಹಳೇ ಬಯಾಸಲ್ಲಿ ಬೂಟ್ ಆಗ್ತಿದ್ರೆ, ಅಂದ್ರೆ ಡಿಸ್ಕ್ ಎಂಬಿಆರ್ ಅನ್ನೋ ಹಳೇ ವಿಂಗಡಣೇಲಿದ್ರೆ ಜನರೇಷನ್ 1, ಹೊಸ ಥರದ ಯುಇಎಫ್‌ಐ ಬೂಟು, ಜಿಪಿಟಿ ವಿಂಗಡಣೆ ಆಗಿದ್ರೆ 2. ಆಮೇಲೆ ಬದಲಾಯಿಸೋಕೆ ಬರಲ್ಲ, ವಿಎಂ ಅಳಿಸಿ ಹೊಸದು ಮಾಡಿ ಅದೇ ಡಿಸ್ಕ್ ಸಿಕ್ಸಿ, ಡಿಸ್ಕ್ ಫೈಲ್ ಅಳಿಸ್ಬೇಡಿ ಮತ್ತೆ! ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಹಾಕಿದ್ರೆ 48 ಅಂಕಿಯ ರಿಕವರಿ ಕೀ ಕೇಳಬಹುದು, ಅದು ಸತ್ತ ಸರ್ವರ್ ಒಳಗೇ ಒಂದು ವರ್ಡ್ ಫೈಲಲ್ಲಿದ್ರೆ ದೇವರೇ ಗತಿ, ಪ್ರಿಂಟ್ ತೆಗೆದು ಸೇಫಲ್ಲಿಡಿ.

ಟೆಸ್ಟ್ ಮಾಡುವಾಗ ನೆಟ್‌ವರ್ಕ್ ಕಿತ್ತಿಟ್ಟು ಮಾಡಿ. ಅಸಲಿ ಸರ್ವರ್ ಓಡ್ತಿರುವಾಗ ಅದೇ ಹೆಸರು ಅದೇ ಐಪಿಯ ಇನ್ನೊಬ್ಬ ಎದ್ದು ಕೂತ್ರೆ ಕೌಂಟರಲ್ಲಿ ಕೂತೋರ ಎಂಟ್ರಿ ಯಾವ ಕಡೆ ಹೋಯ್ತು ಅಂತ ಹುಡುಕೋದು ಬೇಡ.

ಪ್ರಶ್ನೆ: ವಿಎಂ ಡಿಸ್ಕ್ ರೆಡಿ ಇದ್ಮೇಲೆ ಮೂಲ ಬ್ಯಾಕಪ್ ಫೈಲ್ ಅಳಿಸಿ ಜಾಗ ಉಳಿಸ್ಬಹುದಲ್ವಾ? ಮತ್ತೆ ಎಕ್ಸ್‌ಟರ್ನಲ್ ಡಿಸ್ಕಿಗೆ ಕನ್ವರ್ಟ್ ಮಾಡಿದ್ರೆ 4 ಜಿಬಿಗೆ ಯಾಕೆ ನಿಲ್ಲುತ್ತೆ? (ಬೆಂಗಳೂರು)

ಉತ್ತರ: ಎರಡನೇದು ಸುಲಭ, ಆ ಡಿಸ್ಕ್ ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟಲ್ಲಿದೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸಲ್ಲ. ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ಕಂಪ್ರೆಷನ್ ಮಾತ್ರ ಆನ್ ಮಾಡ್ಬೇಡಿ, ಕಂಪ್ರೆಸ್ ಆದ ಫೋಲ್ಡರಲ್ಲಿರೋ ವಿಎಚ್‌ಡಿಎಕ್ಸ್‌ನ ವಿಂಡೋಸ್ ಮೌಂಟ್ ಮಾಡಲ್ಲ ಅಂತ ಹಠ ಹಿಡಿಯುತ್ತೆ.

ಮೊದಲನೇದಕ್ಕೆ ಬೇಡವೇ ಬೇಡ. ವಿಎಂ ಡಿಸ್ಕಲ್ಲಿರೋದು ಒಂದೇ ದಿನ. ಮಂಗಳವಾರ ಯಾರೋ ಲೆಡ್ಜರ್ ಅಳಿಸಿ ಶುಕ್ರವಾರ ಗೊತ್ತಾದ್ರೆ, ಗುರುವಾರ ರಾತ್ರಿಯ ವಿಎಂಲೂ ಅದು ಅಳಿಸೇ ಇರುತ್ತೆ, ಹಳೇ ದಿನಕ್ಕೆ ಹೋಗೋ ದಾರಿ ಬ್ಯಾಕಪ್ ಸರಪಳಿ ಮಾತ್ರ. 2017ರ ಮೇ ತಿಂಗಳಲ್ಲಿ ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ವನ್ನಾಕ್ರೈ ವೈರಸ್ ಬಂದಾಗ ನೋಡಿದ್ವಲ್ಲ, ಅಂಥವು ಕೈಗೆಟುಕಿದ ಶೇರಲ್ಲಿರೋ ಫೈಲನ್ನೂ ಬಿಡಲ್ಲ, ನಿಮ್ಮ 500 ಜಿಬಿ ವಿಎಂ ಡಿಸ್ಕೂ ಅದಕ್ಕೆ ಒಂದು ಫೈಲಷ್ಟೇ. ಎರಡು ಡಿಸ್ಕ್ ಇಟ್ಕೊಂಡು ಒಂದು ವಾರ ಇದಕ್ಕೆ ಇನ್ನೊಂದು ವಾರ ಅದಕ್ಕೆ ಕನ್ವರ್ಟ್ ಮಾಡಿ, ಸರದಿ ಇಲ್ಲದ್ದು ಬಿಚ್ಚಿ ಬೀರುವಲ್ಲಿರ್ಲಿ.

ಪ್ರಶ್ನೆ: ದಿನಾ ಬೆಳಿಗ್ಗೆ ಸಕ್ಸಸ್ ಅಂತ ಮೇಲ್ ಬರುತ್ತೆ, ಯಾರೂ ತೆಗೆದು ನೋಡಲ್ಲ. ಕನ್ವರ್ಷನ್ ನಿಜವಾಗ್ಲೂ ಸರಿ ಆಗಿದೆ ಅಂತ ಗೊತ್ತಾಗೋದು ಹೇಗೆ? (ತುಮಕೂರು)

ಉತ್ತರ: ಮೇಲ್ ನಿಲ್ಲಿಸ್ಬೇಡಿ, ನಂಬಲೂಬೇಡಿ, ಬ್ಯಾಚ್ ಫೈಲಿನ ಕೊನೇ ಸಾಲು ಸರಿಯಾಗಿ ಓಡಿದ್ರೆ ನಡುವೆ ಏನೇ ಆಗಿದ್ರೂ ಟಾಸ್ಕ್ ಶೆಡ್ಯೂಲರ್ ಸಕ್ಸಸ್ ಅಂತಲೇ ಹೇಳೋದು. ಶನಿವಾರ ಸಂಜೆ ಒಬ್ಬರು ನೆಟ್‌ವರ್ಕ್ ಇಲ್ದೆ ಆ ವಿಎಂ ಆನ್ ಮಾಡಿ, ಲಾಗಿನ್ ಆಗಿ, ಅಕೌಂಟ್ಸ್ ತೆರೆದು ಕೊನೇ ವೋಚರ್ ನೋಡ್ಲಿ, ಅರ್ಧ ಗಂಟೆ ಕೆಲಸ. ಅದಕ್ಕೊಂದು ರಿಜಿಸ್ಟರ್ ಇಡಿ, ಅದರಲ್ಲಿ ವೋಚರ್ ನಂಬರ್ರೇ ಬರೆಸಿ. ಬರೀ ಓಕೆ ಅಂತ ಬರೆಯೋ ಕಾಲಂ ಇಟ್ರೆ ಮೂರನೇ ವಾರದಿಂದ ಕಂಪ್ಯೂಟರ್ ಆನ್ ಮಾಡದೇನೇ ಟೀ ಕುಡೀತಾ ಓಕೆ ಬರ್ದಿರ್ತಾರೆ, ನಾನೂ ಬರ್ದಿದ್ದೀನಿ.